ಪಾಲಿಸಿ ತೋರಿಸಿ ಮರ ಹತ್ತುವುದು: ನನ್ನ ಅನುಭವ

"ಮರ ಕಡಿಯೂ ಕೆಲಸಕ್ಕ ಇನ್ಶೂರನ್ಸ್ ಮಾಡಸ್ಯಾನಂತ. ನಾಳಿ ಕೊಡ್ಲಿಗೂ ಮಾಡಸ್ತಾನ ನೋಡ್ರಿ" ಅಂತ ನಮ್ಮ ಲೈನಿನವರೇ ನಕ್ಕಿದ್ದರು. ಕ್ಲೇಮ್ ದುಡ್ಡು ಬಂದ ಮೇಲೆ ಅವರಲ್ಲೇ ಕೆಲವರು ಫೋನ್ ಮಾಡಿ "ಹೆಂಗ ಮಾಡಿಸಿದಿ ಮಾರಾಯಾ" ಅಂದರು. ಅದಕ್ಕೇ ಬರೆಯುತ್ತಿದ್ದೇನೆ. ಹಗ್ಗ ಕಟ್ಟುವುದು, ಬೆಲ್ಟ್ ಹಾಕುವುದು, ಮಷೀನ್ ಹಿಡಿಯುವುದು ನಿಮಗೆ ಗೊತ್ತಿರುವುದೇ. ಅದನ್ನು ಬಿಡುತ್ತೇನೆ.

ನನ್ನ ಕೆಲಸ ಜಾಸ್ತಿ ಧಾರವಾಡದ ಮಾಳಮಡ್ಡಿ, ಸಪ್ತಾಪುರ, ಕಲ್ಯಾಣನಗರ ಕಡೆ. ಹಳೇ ಹಂಚಿನ ಮನೆ, ಹಿತ್ತಲಲ್ಲಿ ಅಜ್ಜನ ಕಾಲದ ಮಾವು, ಕಾಂಪೌಂಡಿಗೆ ಹತ್ತಿ ಪಕ್ಕದವರ ಶೀಟು, ನಡುವೆ ಕರೆಂಟ್ ವೈರು. ಏಪ್ರಿಲ್-ಮೇ ಅಡ್ಡಮಳೆ ಗಾಳಿಗೆ ಒಂದು ಟೊಂಗೆ ಮುರಿದರೆ ಸಾಕು, ಓಣಿಯೇ ಫೋನ್ ಮಾಡುತ್ತದೆ. ಮರ ಇಳಿಸುವುದು ನನಗೆ ಕಷ್ಟವಲ್ಲ, ಅದರಲ್ಲಿ ನಮ್ಮ ಗ್ಯಾಂಗಿಗೆ ಹೆಸರಿದೆ. ಆಳು ಬಿದ್ದರೆ ದುಡ್ಡು ಯಾರು ಕೊಡಬೇಕು? ತೊಡಕು ಇರುವುದು ಅಲ್ಲಿ.

ಎಲ್ಲರ ಹಾಗೆ ನಾನೂ ಬಾಂಡ್ ಪೇಪರ್ ಮೇಲೆ ನಡೆಸುತ್ತಿದ್ದೆ. ಮನೆಯವರು ನನ್ನಿಂದ ಬರೆಸಿಕೊಳ್ಳುವುದು, ನಾನು ಹುಡುಗರಿಂದ "ಏನಾದರೂ ಆದರೆ ನಾನೇ ಜವಾಬ್ದಾರ" ಅಂತ ಸಹಿ ಹಾಕಿಸುವುದು. ಧಾರವಾಡ ಹೈಕೋರ್ಟ್ ಪೀಠದ ವಕೀಲರೊಬ್ಬರ ಮನೆಗೆ ತೆಂಗು ಕಡಿಯಲು ಹೋದಾಗ ಅವರು ಆ ಕಾಗದ ಓದಿ ನಕ್ಕರು. "ತಮ್ಮಾ, ಇದನ್ನ ಒಲಿಗೆ ಹಾಕು. ಕೆಲಸಗಾರ ತನ್ನ ಹಕ್ಕು ಬಿಟ್ಟೇನಿ ಅಂತ ಬರಕೊಟ್ಟರೂ ಅದು ನಡೆಯೂದಿಲ್ಲ. 1923ರ ಕಾರ್ಮಿಕರ ಪರಿಹಾರ ಕಾಯ್ದೆ, 17ನೇ ಕಲಂ" ಅಂದರು. ಲೆಕ್ಕವನ್ನೂ ಅವರೇ ಹಾಕಿ ತೋರಿಸಿದರು. ತಿಂಗಳ ಕೂಲಿ 15,000 ಅಂತ ಹಿಡಿ, ಅದರ ಅರ್ಧ 7,500. ಮೂವತ್ತು ವರ್ಷದವನಿಗೆ ವಯಸ್ಸಿನ ಗುಣಕ 207.98. ಸತ್ತರೆ ಹದಿನೈದೂವರೆ ಲಕ್ಷ ದಾಟುತ್ತದೆ. ತಿಂಗಳೊಳಗೆ ಕಟ್ಟದಿದ್ದರೆ ವರ್ಷಕ್ಕೆ ನೂರಕ್ಕೆ 12 ಬಡ್ಡಿ, ಮೇಲೆ ಅರ್ಧದವರೆಗೂ ದಂಡ ಹಾಕಬಹುದು. ನನ್ನ ಎರಡು ಮಷೀನು, ಟಾಟಾ ಏಸ್, ಹಗ್ಗ ಎಲ್ಲಾ ಮಾರಿದರೂ ನಾಲ್ಕು ಲಕ್ಷ ಹುಟ್ಟುವುದಿಲ್ಲ.

ಕುಡಿದು ಹತ್ತಿದವನಿಗೆ ಪರಿಹಾರ ಇಲ್ಲ ಅಂತ ನಮ್ಮವರು ಆರಾಮಾಗಿರುತ್ತಾರೆ. ಸಣ್ಣ ಗಾಯಕ್ಕೆ ಆ ಮಾತು ಸರಿ. ಸತ್ತರೆ, ಇಲ್ಲವೇ ಕಾಯಂ ಆಗಿ ಪೂರ್ತಿ ಕೈಲಾಗದವನಾದರೆ ಆ ನೆಪ ನಡೆಯುವುದಿಲ್ಲ. 2025ರ ನವೆಂಬರಿನಿಂದ ಹಳೇ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಲೆಕ್ಕ ಹಾಕುವ ರೀತಿ ಹೆಚ್ಚುಕಮ್ಮಿ ಅದೇ.

ಮನೆ ಮಾಲೀಕರಿಗೆ ಇದರಲ್ಲಿ ಏನು ಸಂಬಂಧ ಅಂತೀರಾ? ಕೂಲಿ ಅಡ್ಡೆಯಿಂದ ನೇರವಾಗಿ ಇಬ್ಬರನ್ನು ಕರೆದು ಕೈಯಾರೆ ಕೂಲಿ ಕೊಟ್ಟರೆ, ಕೆಲಸ ಕೊಟ್ಟವರು ಮನೆಯವರೇ ಅನ್ನುವ ವಾದ ಬರುತ್ತದೆ. ಗುತ್ತಿಗೆಗೆ ಕೊಟ್ಟರೆ ಹೊಣೆ ಮೊದಲು ಗುತ್ತಿಗೆದಾರನ ಮೇಲೆ. ಆದರೆ ಅವನ ಕೈ ಖಾಲಿ ಇದ್ದರೆ ನೊಂದವರು ಮನೆ ಗೇಟಿನ ಕಡೆಗೇ ನೋಡುತ್ತಾರೆ, ಅಲ್ವಾ? ಮನೆಯವರ ತಪ್ಪಿಲ್ಲ ಅಂತ ಕೊನೆಗೆ ತೀರ್ಪಾಗಬಹುದು. ಅಲ್ಲಿಯವರೆಗೆ ಅಲೆಯುವುದು ಅವರೇ.

ಮೊದಲು ಅಗ್ಗದ ದಾರಿ ನೋಡಿದೆ. ಹುಡುಗರಿಗೆಲ್ಲ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿದೆ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ 2 ಲಕ್ಷ. ಮೇ ಕೊನೆಗೆ ಖಾತೆಯಲ್ಲಿ ಆ ಇಪ್ಪತ್ತೂ ಇಲ್ಲದೆ ಇಬ್ಬರದು ಬಂದ್ ಆಯಿತು. ಅದೂ ಅಲ್ಲದೆ ಆಸ್ಪತ್ರೆ ಬಿಲ್ಲಿಗೆ ಅದು ಬರುವುದಿಲ್ಲ. ತೆಂಗು ಹತ್ತುವವನಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಮಾಡಿಸಿದೆ, ಆಗ ನಮ್ಮ ಪಾಲು 239 ರೂಪಾಯಿ ಇತ್ತು. ಒಳ್ಳೆಯದೇ. ಆದರೆ ಅದು ತೆಂಗು ಹತ್ತುವವರಿಗೆ. ಮಾವಿನ ಟೊಂಗೆಯ ಮೇಲೆ ಅದನ್ನು ನೆಚ್ಚಿಕೊಂಡು ಕೂರಲು ಆಗುವುದಿಲ್ಲ. ಇಎಸ್‌ಐಗೆ, ಅಂದರೆ ಸರ್ಕಾರದ ಕಾರ್ಮಿಕ ವಿಮೆಗೆ, ಆಗ ಹತ್ತು ಜನ ಬೇಕಿತ್ತು, ನಮ್ಮಲ್ಲಿ ಐದಾರು ಮಂದಿ.

ಕೊನೆಗೆ ಎಂಪ್ಲಾಯೀಸ್ ಕಾಂಪನ್ಸೇಷನ್ ಪಾಲಿಸಿಗೆ ಬಂದೆ, ಅಂದರೆ ಆಳಿಗೆ ನಾನು ಕೊಡಬೇಕಾದ ಪರಿಹಾರವನ್ನು ಕಂಪನಿ ಕೊಡುವ ವಿಮೆ. ಮೊದಲ ಏಜೆಂಟ್ ಪ್ರೀಮಿಯಂ ಕಮ್ಮಿ ಮಾಡಲು ಕೆಲಸದ ಜಾಗದಲ್ಲಿ 'ಗಾರ್ಡನಿಂಗ್' ಅಂತ ಬರೆದಿದ್ದ. ನಾಲ್ಕೈದು ಸಾವಿರದಲ್ಲಿ ಮುಗಿಯಿತು. ಅದೇ ವರ್ಷ ಒಬ್ಬನ ಎರಡು ಬೆರಳು ಮಷೀನಿಗೆ ಸಿಕ್ಕಿತು. ಗಾರ್ಡನ್ ಕೆಲಸಕ್ಕೆ ಚೈನ್ ಸಾ ಎಲ್ಲಿಂದ ಬಂತು ಅಂತ ಕ್ಲೇಮ್ ವಾಪಸ್ ಕಳಿಸಿದರು. ಹದಿನೆಂಟು ಸಾವಿರ ನನ್ನ ಕೈಯಿಂದ ಹೋಯಿತು.

ಮುಂದಿನ ವರ್ಷ ಏಜೆಂಟ್ ಬದಲಿಸಿದೆ. ಎತ್ತರದಲ್ಲಿ ಕೆಲಸ, ಚೈನ್ ಸಾ ಬಳಕೆ ಎಲ್ಲಾ ಬಿಚ್ಚಿ ಬರೆಸಿದೆ. ಮೆಡಿಕಲ್ ಖರ್ಚಿನ ಆಡ್-ಆನ್ ಬೇರೆ ಸೇರಿಸಿದೆ, ಅದಿಲ್ಲದೆ ಪಾಲಿಸಿ ಅರ್ಧ. ಸುಮಾರು ಹದಿನಾರು ಸಾವಿರ ಬಂತು. ಹುಡುಗರ ಕೂಲಿ ಫೋನ್‌ಪೇಯಲ್ಲೇ ಹಾಕುತ್ತೇನೆ, ಮಸ್ಟರ್ (ಹಾಜರಿ ಪುಸ್ತಕ) ಬರೆಯುತ್ತೇನೆ. ಪಾಲಿಸಿಯಲ್ಲಿ ತೋರಿಸದ ಆಳನ್ನು ಮರ ಹತ್ತಿಸುವುದಿಲ್ಲ, ಕೆಳಗೆ ಟೊಂಗೆ ಎಳೆಯಲೂ ಕರೆಯುವುದಿಲ್ಲ.

ಈ ದುಡ್ಡು ಗಿರಾಕಿಯಿಂದ ಹುಟ್ಟಿಸುವುದು ಇನ್ನೊಂದು ಕಥೆ. ಕೊಟೇಶನ್ನಿನಲ್ಲಿ 'ವಿಮೆ' ಅಂತ ಬೇರೆ ಲೈನ್ ಹಾಕಿದೆ, ನೂರಕ್ಕೆ ಆರೇಳು. "ಆ ಲೈನ್ ತಗೀರಿ, ನಮಗೇನ ಬ್ಯಾಡ" ಅಂತ ಎಲ್ಲರೂ ಅದನ್ನೇ ಕತ್ತರಿಸಿದರು. ಲೈನ್ ತೆಗೆದು ರೇಟಿನಲ್ಲೇ ಸೇರಿಸಿದೆ. ಮಾತಾಡುವ ಮೊದಲು ಪಾಲಿಸಿ ಝೆರಾಕ್ಸ್, ಹುಡುಗರ ಆಧಾರ್ ಕಾಪಿ ಟೇಬಲ್ ಮೇಲೆ ಇಡುತ್ತೇನೆ. ಹತ್ತರಲ್ಲಿ ಮೂರು ಕೆಲಸ ಈಗಲೂ ಅಗ್ಗದವರ ಪಾಲಾಗುತ್ತದೆ. ಹೋಗಲಿ ಬಿಡಿ.

ಎರಡು ವರ್ಷದ ಹಿಂದೆ ಸಪ್ತಾಪುರದಲ್ಲಿ ಒಂದು ಹುಣಸೆ. ಟೊಂಗೆ ಕಡಿದಾಗ ಬುಡ ಪೂರ್ತಿ ಬಿಡದೆ ಸಿಪ್ಪೆ ಹಿಡಿದುಕೊಂಡಿತು. ತುದಿ ಕೆಳಗೆ ಹೋಗಿ ಬುಡ ಹಿಂದಕ್ಕೆ ಒದೆಯಿತು. ಬೆಲ್ಟ್ ಇತ್ತು, ಹುಡುಗ ಬೀಳಲಿಲ್ಲ. ಆದರೆ ಮೊಣಕಾಲ ಕೆಳಗೆ ಟೊಂಗೆಗೂ ಬೊಡ್ಡೆಗೂ ನಡುವೆ ಕಾಲು ಸಿಕ್ಕಿ ಎಲುಬು ಎರಡು ಕಡೆ ಮುರಿಯಿತು. ಹಗ್ಗದಲ್ಲಿ ಇಳಿಸಿ ಆಸ್ಪತ್ರೆಗೆ ಒಯ್ದೆವು. ಅಲ್ಲಿ ಅವನ ಅಣ್ಣ, ಪೊಲೀಸ್ ರಗಳೆ ಬೇಡ ಅಂತ, "ಮನ್ಯಾಗ ಜಾರಿ ಬಿದ್ದಾನ್ರಿ" ಅಂತ ಬರೆಸಲು ಹೊರಟಿದ್ದ. ಅಲ್ಲೇ ತಡೆದೆ. ಕೆಲಸದ ಮೇಲೆ ಮರದಲ್ಲಿ ಪೆಟ್ಟಾಯಿತು ಅಂತ ಎಂಎಲ್‌ಸಿ, ಅಂದರೆ ಪೊಲೀಸರಿಗೂ ಹೋಗುವ ಆಸ್ಪತ್ರೆ ದಾಖಲೆ, ಮಾಡಿಸಿದೆ. ಆ ಒಂದು ಸಾಲು ತಪ್ಪಿದರೆ ಕ್ಲೇಮ್ ಅಲ್ಲಿಗೇ ಸತ್ತಂತೆ. ಸಂಜೆಯೊಳಗೆ ಕಂಪನಿಗೆ ಮೇಲ್, ಮರದ ಫೋಟೊ, ಬೆಲ್ಟ್ ಹಾಕಿದ ಫೋಟೊ ಹೋಯಿತು. ಬೆಳಿಗ್ಗೆ ಕೆಲಸ ಶುರು ಮಾಡುವಾಗಲೇ ನಾನು ಫೋಟೊ ಹೊಡೆದಿರುತ್ತೇನೆ.

ಬಿಲ್ಲು ಒಂದು ಲಕ್ಷ ಮೂವತ್ತರ ಹತ್ತಿರ. ಆಡ್-ಆನ್ ಮಿತಿಯೊಳಗೆ ಬಹುತೇಕ ಬಂತು, ಏಳೆಂಟು ಸಾವಿರ ಕತ್ತರಿ ಬಿತ್ತು. ಮಲಗಿದ್ದ ನಾಲ್ಕು ತಿಂಗಳಿಗೆ ಕೂಲಿಯ ಅರ್ಧದ ಲೆಕ್ಕದಲ್ಲಿ, ಹದಿನೈದು ದಿನಕ್ಕೆ 3,750ರಂತೆ ಬಂತು. ದುಡ್ಡು ಕೈಗೆ ಬರಲು ಏಳು ತಿಂಗಳಾಯಿತು, ಅಲ್ಲಿಯವರೆಗೆ ನಾನೇ ಹಾಕಿದ್ದೆ. ಮನೆಯವರು ಒಂದು ರೂಪಾಯಿ ಬಿಚ್ಚಲಿಲ್ಲ, ಬಿಚ್ಚುವ ಅಗತ್ಯವೂ ಬರಲಿಲ್ಲ. ಹುಡುಗ ಈಗ ಹತ್ತುವುದಿಲ್ಲ, ಕೆಳಗೆ ಹಗ್ಗ ನೋಡಿಕೊಳ್ಳುತ್ತಾನೆ.

ಪಕ್ಕದವರ ಹಂಚು, ಶೀಟಿಗೆ ಪಬ್ಲಿಕ್ ಲಯಬಿಲಿಟಿ ಒಂದು ವರ್ಷ ತೆಗೆದುಕೊಂಡು ನೋಡಿದೆ. ಪ್ರತಿ ಕ್ಲೇಮಿನಲ್ಲಿ ಮೊದಲ ಹತ್ತು ಸಾವಿರ ನಮ್ಮದೇ ಅಂತ ಇತ್ತು. ನಮ್ಮ ನಷ್ಟ ಹತ್ತಿಪ್ಪತ್ತು ಹಂಚು, ಅದಕ್ಕೆ ಏನು ಸಿಗಬೇಕು? ಬಿಟ್ಟೆ. ಈಗ ಪ್ರತಿ ಕೆಲಸದಿಂದ ಮುನ್ನೂರು ಬೇರೆ ಖಾತೆಗೆ ಹಾಕುತ್ತೇನೆ, ಹಂಚಿನ ಖರ್ಚು ಅದರಲ್ಲೇ ಕಳೆಯುತ್ತದೆ. ಕಾರು ಇದ್ದರೆ ಮೊದಲು ಓಣಿಯಿಂದ ತೆಗೆಸುತ್ತೇನೆ. ಅಪಾರ್ಟ್‌ಮೆಂಟ್ ಕೆಲಸವಾದರೆ ಆ ಪಾಲಿಸಿ ಮತ್ತೆ ಬೇಕಾಗುತ್ತದೆ.

ಮನೆಯವರ ಸ್ವಂತ ಮನೆಗೆ ಭಾರತ್ ಗೃಹ ರಕ್ಷಾ ಪಾಲಿಸಿ ಇದ್ದರೆ ಮರ ಬಿದ್ದು ಆದ ಹಾನಿ ಅದರಲ್ಲಿ ಬರುತ್ತದೆ. ಪಕ್ಕದ ಮನೆಯದು ಬರುವುದಿಲ್ಲ, ನಮ್ಮ ಆಳಿನದೂ ಬರುವುದಿಲ್ಲ. "ನಮ್ಮದು ಹೋಮ್ ಇನ್ಶೂರನ್ಸ್ ಐತ್ರಿ" ಅನ್ನುವವರಿಗೆ ಇಷ್ಟು ಹೇಳಿಬಿಡುತ್ತೇನೆ. ಮಾವು, ಹುಣಸೆಗೆ 1976ರ ಮರ ಸಂರಕ್ಷಣಾ ಕಾಯ್ದೆಯಂತೆ ವೃಕ್ಷ ಅಧಿಕಾರಿಯ ಅನುಮತಿ, ವೈರಿನ ಹತ್ತಿರ ಕರೆಂಟ್ ಕಂಪನಿ ಹೆಸ್ಕಾಂನ ಲೈನ್ ಕ್ಲಿಯರ್ (ಲೈನ್ ಬಂದ್ ಮಾಡಿದ ಚೀಟಿ), ಎರಡರ ಕಾಪಿಯೂ ಪಾಲಿಸಿ ಜೊತೆ ಒಂದೇ ಫೈಲಿನಲ್ಲಿ ಇರುತ್ತದೆ. ತೆಂಗು, ನೀಲಗಿರಿ, ಸಿಲ್ವರ್ ಓಕಿಗೆ ಆ ಅನುಮತಿಯ ಗೋಜಿಲ್ಲ.

ಈಗ ಹುಬ್ಬಳ್ಳಿ ಕೇಶ್ವಾಪುರದ ಒಂದು ಅಪಾರ್ಟ್‌ಮೆಂಟಿನವರು ಕೊಟೇಶನ್ ಜೊತೆ ಪಾಲಿಸಿ ಕಾಪಿ ಕಡ್ಡಾಯ ಮಾಡಿದ್ದಾರೆ. ಅಲ್ಲಿ ಕೆಲಸ ಕಳೆದುಕೊಂಡವನೇ, ಕೊಡ್ಲಿ ಮಾತು ಆಡಿದವನು, ಏಜೆಂಟ್ ನಂಬರ್ ಕೇಳಿದ. ಕೊಟ್ಟೆ. ಎಲ್ಲಾ ಬಿಚ್ಚಿ ಬರೆಸಿಯೂ ಈ ಸಲ ಪ್ರೀಮಿಯಂ ಹನ್ನೊಂದು ಸಾವಿರಕ್ಕೆ ಹೇಗೆ ಇಳಿಯಿತು ಅನ್ನುವುದನ್ನು ಮಾತ್ರ ಹೇಳಲಿಲ್ಲ.