ಫಿಲಿಪೀನ್ಸ್‌ನ ಟೆರ್ನೊ: ಕೊಡಗಿನ ವೇದಿಕೆಗೆ ಸರಿಯಾಗಿ ಸಿದ್ಧ ಮಾಡುವುದು ಹೇಗೆ

ಕಾಲೇಜ್ ಡೇ ಸ್ಪರ್ಧೆಯಲ್ಲಿ ಒಮ್ಮೊಮ್ಮೆ ರಾಷ್ಟ್ರೀಯ ಉಡುಪಿನ ಸುತ್ತು ಇಡುತ್ತಾರೆ. ಚೀಟಿ ಎತ್ತಿ ದೇಶ ಹಂಚುತ್ತಾರೆ. ಜಪಾನ್ ಬಂದವರಿಗೆ ಕಿಮೊನೊ ಗೊತ್ತಿರುತ್ತದೆ, ಫಿಲಿಪೀನ್ಸ್ ಬಂದವರು ಮಾತ್ರ ತಲೆ ಕೆಡಿಸಿಕೊಂಡು ಕೊನೆಗೆ ಒಂದು ಪಫ್ ತೋಳಿನ ಫ್ರಾಕ್, ಕೊರಳಿಗೆ ಪ್ಲಾಸ್ಟಿಕ್ ಹೂವಿನ ಹಾರ ಹಾಕಿಕೊಂಡು ಬಂದುಬಿಡುತ್ತಾರೆ. ಆ ಹೂವಿನ ಹಾರ ಹವಾಯಿಯದ್ದು. ಫಿಲಿಪೀನ್ಸ್‌ಗೂ ಅದಕ್ಕೂ ಸಂಬಂಧ ಇಲ್ಲ.

ಕೊಡವ ಸೀರೆಯ ನೆರಿಗೆಯನ್ನು ಮುಂದಕ್ಕೆ ಹಾಕಿಕೊಂಡು ಯಾರಾದರೂ ಬೆಂಗಳೂರಿನ ವೇದಿಕೆಯಲ್ಲಿ "ಇದು ಕೊಡಗಿನ ಉಡುಪು" ಅಂದರೆ ನಮಗೆ ಎಷ್ಟು ಬೇಜಾರಾಗುತ್ತದೆ ಅಲ್ವಾ? ನೆರಿಗೆ ಹಿಂದೆ ಇದ್ದರೇ ಅದು ಕೊಡವ ಸೀರೆ. ಫಿಲಿಪೀನ್ಸ್‌ನವರ ಟೆರ್ನೊ ಅನ್ನುವ ಗೌನಿಗೆ ಅದರ ತೋಳು ಹಾಗೆ. ಆದ್ದರಿಂದ ಇಡೀ ಕೆಲಸವನ್ನು ತೋಳಿನಿಂದ ಶುರು ಮಾಡಿ. ಮಿಂಚು, ಗರಿ, ಕಿರೀಟ ಎಲ್ಲ ಆಮೇಲೆ.

ಮೊದಲು ಉಡುಪು ಯಾವುದು ಅಂತ ತಿಳಿದುಕೊಳ್ಳಿ. ಹಳೆಯದು ಬಾರೊಟ್ ಸಾಯಾ. ಬಾರೊ ಅಂದರೆ ರವಿಕೆ, ಸಾಯಾ ಅಂದರೆ ಲಂಗ. ಲಂಗದ ಮೇಲೆ ಸುತ್ತಿಕೊಳ್ಳುವ ಇನ್ನೊಂದು ಬಟ್ಟೆ ತಾಪಿಸ್. ಭುಜದ ಮೇಲೆ ತ್ರಿಕೋನವಾಗಿ ಮಡಚಿ ಹಾಕುವ ತೆಳು ವಸ್ತ್ರ ಪಾನ್ಯುವೆಲೊ. ಸ್ಪೇನ್ ಆಳುತ್ತಿದ್ದ ಕಾಲದಲ್ಲಿ ಇದೇ ಬೆಳೆದು ಅಗಲ ತೋಳಿನ ಮರಿಯಾ ಕ್ಲಾರಾ ಉಡುಪಾಯಿತು. 20ನೇ ಶತಮಾನದಲ್ಲಿ ಅಮೆರಿಕದವರ ಆಳ್ವಿಕೆ ಬಂದ ಮೇಲೆ ತೋಳು ಚಿಕ್ಕದಾಗಿ, ಚಪ್ಪಟೆಯಾಗಿ, ಭುಜದಿಂದ ಮೇಲಕ್ಕೆ ಎದ್ದು ನಿಂತು ಈಗ ನಾವು ನೋಡುವ ಚಿಟ್ಟೆ ತೋಳು ಬಂತು. ರವಿಕೆ ಲಂಗ ಎರಡನ್ನೂ ಸೇರಿಸಿ, ಪಾನ್ಯುವೆಲೊ ತೆಗೆದು, ಒಂದೇ ಗೌನ್ ಮಾಡಿದ ಹೆಸರು ರಾಮೋನ್ ವಲೇರಾ ಅನ್ನುವ ವಿನ್ಯಾಸಕಾರರದ್ದು. ಅವರಿಗೆ 2006ರಲ್ಲಿ ಅಲ್ಲಿನ ರಾಷ್ಟ್ರೀಯ ಕಲಾವಿದ ಗೌರವ ಕೊಟ್ಟರು. ಈ ಗೌನೇ ಟೆರ್ನೊ. ಅಲ್ಲಿನ ಅಧ್ಯಕ್ಷರ ಪತ್ನಿಯಾಗಿದ್ದ ಇಮೆಲ್ಡಾ ಮಾರ್ಕೋಸ್ ಇದನ್ನೇ ಹಾಕಿಕೊಂಡು ಜಗತ್ತೆಲ್ಲ ಸುತ್ತಿದ್ದರಿಂದ ಹೊರಗಿನವರಿಗೂ ಇದರ ಗುರುತು ಹತ್ತಿತು.

ನಿಮ್ಮ ವೇದಿಕೆಗೆ ಟೆರ್ನೊ ಸಾಕು. ದುಡ್ಡು ಕಡಿಮೆ ಇದ್ದರೆ ಅಥವಾ ಚಿಕ್ಕ ಹುಡುಗಿಯರಿಗೆ ಬೇಕಿದ್ದರೆ ಬಾಲಿಂತವಾಕ್ ಅಂತ ಇದೆ. ಅದು ಹಳ್ಳಿ ಕಡೆಯ ಸರಳ ರೂಪ: ಅದೇ ಚಿಟ್ಟೆ ತೋಳು, ಚೌಕುಳಿ ಅಥವಾ ಹೂವಿನ ಬಟ್ಟೆಯ ಲಂಗ, ಮೇಲೊಂದು ತಾಪಿಸ್, ಒಂದು ಭುಜದ ಮೇಲೆ ಮಡಚಿದ ವಸ್ತ್ರ. ಕುಶಾಲನಗರದ ಸಂತೆಯಲ್ಲಿ ಸಿಗುವ ಹತ್ತಿ ಬಟ್ಟೆಯಲ್ಲೇ ಚೆನ್ನಾಗಿ ಆಗುತ್ತದೆ.

ಈಗ ಬಟ್ಟೆ. ಅಲ್ಲಿನ ಹೆಮ್ಮೆಯ ಬಟ್ಟೆ ಪಿನ್ಯಾ. ಅನಾನಸ್ ಎಲೆಯ ನಾರಿನಿಂದ ನೇಯುತ್ತಾರೆ. ಎಲೆಯನ್ನು ಕೆರೆದು ನಾರು ತೆಗೆದು, ಎಳೆ ಎಳೆಯಾಗಿ ಗಂಟು ಹಾಕಿ ಉದ್ದ ಮಾಡಿ, ಕೈಮಗ್ಗದಲ್ಲಿ ನೇಯುವ ಈ ಕೆಲಸ ಅಕ್ಲಾನ್ ಪ್ರಾಂತ್ಯದ ಕಾಲಿಬೊ ಕಡೆ ಈಗಲೂ ನಡೆಯುತ್ತಿದೆ. 2023ರಲ್ಲಿ ಯುನೆಸ್ಕೊ ಅದನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ನಮಗೆ ಇಲ್ಲಿ ಪಿನ್ಯಾ ಸಿಗುವುದಿಲ್ಲ, ತರಿಸಿದರೂ ಕೈಗೆಟಕುವುದಿಲ್ಲ. ಅದರ ಗುಣ ಮಾತ್ರ ನೆನಪಿಡಿ: ತೆಳು, ಸ್ವಲ್ಪ ಗಡಸು, ಬೆಳಕು ಹಾಯುವಂಥದ್ದು, ಬಣ್ಣ ಕೆನೆ ಬಿಳಿ. ಇದಕ್ಕೆ ಹತ್ತಿರ ಬರುವುದು ರೇಷ್ಮೆ ಆರ್ಗಾಂಜಾ. ಅದರ ಬೆಲೆ ಜಾಸ್ತಿ ಆದರೆ ಆರ್ಗಂಡಿ ತಗೊಳ್ಳಿ. ಹೊಳೆಯುವ ಸ್ಯಾಟಿನ್ ಬೇಡ, ತೋಳು ಬಿದ್ದುಹೋಗುತ್ತದೆ. ಬಿಳಿ ಮೇಲೆ ಬಿಳಿ ದಾರದ ಹೂವಿನ ಕಸೂತಿ ಇರುವ ಬಟ್ಟೆ ಸಿಕ್ಕರೆ ಬಿಡಬೇಡಿ. ಲುಂಬಾನ್ ಊರಿನ ಹೆಣ್ಣುಮಕ್ಕಳು ಪಿನ್ಯಾ ಮೇಲೆ ಹಾಕುವ ಕಸೂತಿಯ ಅಂದ ಅದರಲ್ಲಿ ಬರುತ್ತದೆ. 44 ಇಂಚು ಅಗಲದ ಬಟ್ಟೆಯಾದರೆ ದೊಡ್ಡವರ ಗೌನಿಗೆ 5-6 ಮೀಟರ್, ತೋಳಿಗೆ ಬೇರೆ ಒಂದು ಮೀಟರ್, ಲೈನಿಂಗ್‌ಗೆ 4 ಮೀಟರ್ ಇಟ್ಟುಕೊಳ್ಳಿ. ಮೈಸೂರಿಗೆ ಹೋಗುವವರ ಹತ್ತಿರ ಹೇಳಿ ತರಿಸಿದರೆ ಆಯ್ಕೆ ಜಾಸ್ತಿ.

ತೋಳಿಗೆ ಬನ್ನಿ, ಇದರಲ್ಲೇ ಎಲ್ಲ ಇದೆ. ಟೈಲರ್ ಹತ್ತಿರ "ಪಫ್ ತೋಳು" ಅನ್ನಬೇಡಿ, ಅವರು ಉಬ್ಬಿದ ತೋಳು ಹೊಲಿದುಕೊಡುತ್ತಾರೆ. ಟೆರ್ನೊ ತೋಳು ಉಬ್ಬುವುದಿಲ್ಲ. ಮುಂದಿನಿಂದ ನೋಡಿದರೆ ಅಗಲ, ಪಕ್ಕದಿಂದ ನೋಡಿದರೆ ಚಪ್ಪಟೆ, ಭುಜಕ್ಕಿಂತ 2-3 ಇಂಚು ಮೇಲೆ ನಿಲ್ಲಬೇಕು. ಫೋಟೊ ತೋರಿಸಿ, ಅದೂ ಪಕ್ಕದಿಂದ ತೆಗೆದ ಫೋಟೊ. ಮೊದಲು ನ್ಯೂಸ್‌ಪೇಪರ್‌ನಲ್ಲಿ ಕತ್ತರಿಸಿ. ತೋಳುಗುಂಡಿಯ (ತೋಳು ಜೋಡಿಸುವ ಆರ್ಮ್‌ಹೋಲ್) ಸುತ್ತಳತೆ 16 ಇಂಚು ಇದ್ದರೆ ಸುಮಾರು ಎರಡರಷ್ಟು ಅಗಲದ ಅರ್ಧ ಮೊಟ್ಟೆಯಾಕಾರ ಬರೆಯಿರಿ. ನಡುವೆ 9-10 ಇಂಚು ಎತ್ತರ, ಎರಡು ತುದಿಯಲ್ಲಿ ಕಡಿಮೆ. ಹೆಚ್ಚಿಗೆ ಇರುವ ಅಗಲವನ್ನೆಲ್ಲ ಭುಜದ ತುದಿಯ ಹತ್ತಿರ ನೆರಿಗೆಯಾಗಿ ಹಿಡಿಯಬೇಕು, ಮುಂದೆ ಅರ್ಧ, ಹಿಂದೆ ಅರ್ಧ, ಎರಡೂ ಭುಜದ ಗೆರೆಯ ಕಡೆಗೆ ಮುಖ ಮಾಡಿ. ಕಂಕುಳ ಹತ್ತಿರ ನೆರಿಗೆ ಬೇಡ. ಹೊಲಿದ ಮೇಲೆ ಭುಜದ ತುದಿಯಿಂದ ಹೊರ ಅಂಚಿನವರೆಗೆ ಇಸ್ತ್ರಿ ಒತ್ತಿ ಒಂದು ಗೆರೆ ಹಾಕಿ, ತೋಳು ಚಪ್ಪಟೆಯಾಗುವುದು ಆ ಗೆರೆಯಿಂದ. ಹಳೆ ಬೆಡ್‌ಶೀಟ್‌ನಲ್ಲಿ ಒಂದು ತೋಳು ಹೊಲಿದು ನೋಡಿ, ಆಮೇಲೆ ಒಳ್ಳೆ ಬಟ್ಟೆಗೆ ಕತ್ತರಿ ಹಾಕಿ.

ತೋಳು ನಿಲ್ಲುವುದು ಒಳಗಿನ ಆಧಾರದಿಂದ. ಗಂಜಿ ಹಾಕಿದರೆ ಸಾಕು ಅಂತ ಹೇಳುವವರಿದ್ದಾರೆ. ಬಯಲುಸೀಮೆಯಲ್ಲಿ ಅದು ನಡೆದೀತು, ಆದರೆ ಜುಲೈ ತಿಂಗಳ ಮಡಿಕೇರಿಯಲ್ಲಿ, ಗೋಡೆಯೇ ಬೆವರುವ ಹೊತ್ತಿನಲ್ಲಿ, ಗಂಜಿ ಹಾಕಿದ ತೋಳು ಮೇಕಪ್ ಮುಗಿಯುವುದರೊಳಗೆ ಮೆತ್ತಗಾಗಿ ತೂಗುತ್ತದೆ. ಎರಡು ಪದರ ಆರ್ಗಾಂಜಾ ನಡುವೆ ಗಟ್ಟಿ ನೈಲಾನ್ ನೆಟ್ ಇಡಿ. ಅಂಟಿಸುವ ಕ್ಯಾನ್ವಾಸ್ ಬೇಡ, ತೆಳು ಬಟ್ಟೆಯಲ್ಲಿ ಅಂಟಿನ ಕಲೆ ಕಾಣುತ್ತದೆ. ತೋಳುಗುಂಡಿಯ ಮೇಲ್ಭಾಗಕ್ಕೆ ಒಳಗಿನಿಂದ ಒಂದೂವರೆ ಇಂಚು ಅಗಲದ ಬಕ್ರಮ್ (ಗಡಸು ಬಟ್ಟೆ) ಪಟ್ಟಿ ಹೊಲಿದರೆ ನೆರಿಗೆ ನೆಟ್ಟಗೆ ನಿಲ್ಲುತ್ತದೆ. ಮಳೆ ಎಷ್ಟೇ ಹೊಡೆಯಲಿ, ನೆಟ್‌ಗೆ ಏನೂ ಆಗುವುದಿಲ್ಲ.

ಉಳಿದ ಗೌನ್ ಸುಲಭ. ಮೈಗೆ ಕೂರುವ ರವಿಕೆ ಭಾಗ, ಚೌಕ ಅಥವಾ ಅಗಲ ಕೊರಳು, ಮಂಡಿಯಿಂದ ಕೆಳಗೆ ಹರಡುವ ಲಂಗ. ಹಿಂದೆ ಚಿಕ್ಕ ಬಾಲ ಬಿಟ್ಟರೆ ಚಂದ, ಆದರೆ ನಮ್ಮ ಸಭಾಂಗಣಗಳ ಮೆಟ್ಟಿಲು ನೋಡಿಕೊಂಡು ಬಿಡಿ. ತಲೆಗೆ ಕೆಳಗೆ ಕಟ್ಟಿದ ತುರುಬು, ಅದಕ್ಕೊಂದು ಬಾಚಣಿಗೆ ಆಭರಣ. ಕೈಯಲ್ಲಿ ಅಬಾನಿಕೊ, ಅಂದರೆ ಮಡಚುವ ಬೀಸಣಿಗೆ. ಕೊರಳಿಗೆ ಅಲ್ಲಿ ಹಾಕುವುದು ತಾಂಬೊರಿನ್, ಸಣ್ಣ ತಂತಿ ಕೆಲಸದ ಚಿನ್ನದ ಗುಂಡುಗಳ ಸರ. ಮನೆಯಲ್ಲಿ ಜೋಮಾಲೆ ಇದೆಯಲ್ಲ, ಗುಂಡು ಗುಂಡಾಗಿದೆ, ಅದನ್ನೇ ಹಾಕೋಣ ಅಂತ ಅಜ್ಜಿ ಪ್ರೀತಿಯಿಂದ ಹೇಳಬಹುದು. ದಯವಿಟ್ಟು ಬೇಡ. ಜೋಮಾಲೆಗೆ ಅದರದ್ದೇ ಜಾಗ ಇದೆ, ಅದು ಕೊಡವ ಸೀರೆಯ ಮೇಲೆ. ಫ್ಯಾನ್ಸಿ ಅಂಗಡಿಯ ಜಾಲರಿ ಗುಂಡಿನ ಸರ ಸಾಕು.

ಇಷ್ಟು ಆದ ಮೇಲೂ "ಸ್ಟೇಜ್‌ಗೆ ಸಾಲದು, ದೊಡ್ಡದಾಗಿ ಬೇಕು" ಅಂದರೆ ಅಲ್ಲಿನವರು ಹೇಗೆ ಮಾಡುತ್ತಾರೆ ನೋಡಿ. 2018ರಲ್ಲಿ ಬ್ಯಾಂಕಾಕ್‌ನಲ್ಲಿ ಮಿಸ್ ಯೂನಿವರ್ಸ್ ಗೆದ್ದ ಕ್ಯಾಟ್ರಿಯೋನಾ ಗ್ರೇ ಲುಜಾನ್, ವಿಸಾಯಾಸ್, ಮಿಂಡನಾವೊ ಅನ್ನುವ ಮೂರೂ ದ್ವೀಪ ಭಾಗಗಳನ್ನು ಒಂದೇ ಉಡುಪಿನಲ್ಲಿ ತಂದರು, ಬೆನ್ನ ಮೇಲೆ ದೊಡ್ಡ ಪರೋಲ್ ಹೊತ್ತರು. ಪರೋಲ್ ಅಂದರೆ ಅಲ್ಲಿನ ಕ್ರಿಸ್ಮಸ್ ದೀಪ. ಅವರ ಕೆಂಪು ಗೌನ್ ಫೋಟೊ ಎಲ್ಲ ಕಡೆ ಇದೆ, ಮಯೋನ್ ಜ್ವಾಲಾಮುಖಿಯ ನೆನಪಿಗೆ ಮಾಡಿದ್ದು, ಆದರೆ ಅದು ಸಂಜೆ ಗೌನ್ ಸುತ್ತಿನದ್ದು. ಅದನ್ನು ನಕಲು ಮಾಡಿ ರಾಷ್ಟ್ರೀಯ ಉಡುಪು ಅನ್ನಬೇಡಿ. 2019ರಲ್ಲಿ ಅದೇ ಸ್ಪರ್ಧೆಗೆ ಗಜಿನಿ ಗನಾಡೋಸ್ ಫಿಲಿಪೀನ್ಸ್ ಹದ್ದಿನ ರೂಪದಲ್ಲಿ ಬಂದು ಅತ್ಯುತ್ತಮ ರಾಷ್ಟ್ರೀಯ ಉಡುಪಿನ ಬಹುಮಾನವನ್ನೇ ತೆಗೆದುಕೊಂಡರು. ಹದ್ದಿನ ರೆಕ್ಕೆ ನಮ್ಮ ಕೈಯಲ್ಲಿ ಆಗುವುದಿಲ್ಲ. ಪರೋಲ್ ಆಗುತ್ತದೆ! ಬಿದಿರು ನಮ್ಮಲ್ಲೇ ಇದೆ. ತೆಳುವಾಗಿ ಸೀಳಿ ಐದು ಮೂಲೆಯ ನಕ್ಷತ್ರ ಎರಡು ಕಟ್ಟಿ, ನಡುವೆ ಚಿಕ್ಕ ಕಡ್ಡಿ ಕೊಟ್ಟು ಜೋಡಿಸಿ, ಬಣ್ಣದ ಕಾಗದ ಅಂಟಿಸಿ, ಕೆಳಗೆ ಎರಡು ಕುಚ್ಚು ಬಿಡಿ. ಬ್ಯಾಟರಿ ಸರ ಲೈಟ್ ಒಳಗೆ ಹಾಕಿ. ಎರಡಡಿಗಿಂತ ದೊಡ್ಡದು ಬೇಡ, ತೋಳು ಮುಚ್ಚಿಹೋಗುತ್ತದೆ. ಬೆನ್ನಿಗೆ ಕಟ್ಟುವುದಕ್ಕಿಂತ ಕೈಯಲ್ಲಿ ಹಿಡಿದರೆ ನನಗೆ ಇಷ್ಟ.

ಒಂದು ವಿಷಯದಲ್ಲಿ ಹುಷಾರು. ಮಿಂಡನಾವೊದ ಲೇಕ್ ಸೆಬು ಕಡೆ ಟಿಬೋಲಿ ಸಮುದಾಯದ ಹೆಂಗಸರು ಬಾಳೆ ಜಾತಿಯ ಅಬಾಕಾ ಗಿಡದ ನಾರಿನಲ್ಲಿ ಟಿನಾಲಕ್ ಅನ್ನುವ ಬಟ್ಟೆ ನೇಯುತ್ತಾರೆ. ಅದರ ವಿನ್ಯಾಸ ಕನಸಿನಲ್ಲಿ ಬರುತ್ತದೆ ಅಂತ ಅವರ ನಂಬಿಕೆ, ಅದು ಅವರಿಗೆ ಪವಿತ್ರ. ಆ ವಿನ್ಯಾಸವನ್ನು ಪ್ರಿಂಟ್ ಹೊಡೆಸಿ ಲಂಗ ಮಾಡಬೇಡಿ. ಕೊಡವ ಗಂಡಸರ ಕುಪ್ಯ (ಕಪ್ಪು ಅಂಗಿ), ಚೇಲೆ (ಸೊಂಟದ ಪಟ್ಟಿ), ಪೀಚೆಕತ್ತಿಯನ್ನು ಕಂಡವರು ಸುಮ್ನೆ ವೇಷಕ್ಕೆ ಬಳಸಿದರೆ ನಮಗೆ ಆಗುವ ನೋವು ಅವರಿಗೂ ಆಗುತ್ತದೆ.

ನಡಿಗೆ ನಿಧಾನ ಇರಲಿ. ಕೈ ಮೇಲಕ್ಕೆತ್ತಿ ಬೀಸಿದರೆ ತೋಳು ಕೆನ್ನೆಗೆ ತಾಗುತ್ತದೆ, ಮೊಣಕೈ ಸೊಂಟದ ಹತ್ತಿರವೇ ಇರಲಿ. ನಡುವೆ ಒಮ್ಮೆ ಪೂರ್ತಿ ಪಕ್ಕಕ್ಕೆ ತಿರುಗಿ ನಿಲ್ಲಿ, ಚಪ್ಪಟೆ ತೋಳು ಜನರಿಗೆ ಕಾಣಲಿ. ನಿರೂಪಕರಿಗೆ ಎರಡು ಸಾಲು ಬರೆದುಕೊಡಿ: ಟೆರ್ನೊ ಹೆಸರು, ಅನಾನಸ್ ನಾರಿನ ಬಟ್ಟೆಯ ಮಾತು. ಇನ್ನೊಂದು ಸಾಲು ಬೇಕಿದ್ದರೆ 1994 ನೆನಪಿಸಿ. ಸುಶ್ಮಿತಾ ಸೇನ್ ಮಿಸ್ ಯೂನಿವರ್ಸ್ ಆಗಿದ್ದು ಮನಿಲಾದಲ್ಲೇ, ಆ ಸಲದ ರಾಷ್ಟ್ರೀಯ ಉಡುಪಿನ ಬಹುಮಾನ ಫಿಲಿಪೀನ್ಸ್‌ನ ಚಾರ್ಲೀನ್ ಗೊನ್ಸಾಲೆಸ್‌ಗೆ ಹೋಗಿತ್ತು. ಸಭೆ ಕಿವಿಗೊಡುತ್ತದೆ.

ಗೌನನ್ನು ಜೀಪಿನಲ್ಲಿ ಮಡಚಿ ಒಯ್ಯಬೇಡಿ. ತೋಳಿನೊಳಗೆ ಟಿಶ್ಯೂ ಕಾಗದ ತುಂಬಿ, ಹ್ಯಾಂಗರ್‌ಗೆ ಹಾಕಿ, ಮೇಲೆ ದೊಡ್ಡ ಪ್ಲಾಸ್ಟಿಕ್ ಕವರ್ ಎಳೆಯಿರಿ. ಕಾರ್ಯಕ್ರಮ ಮುಗಿದ ಮೇಲೆ ಆ ಕವರ್ ತೆಗೆದುಬಿಡಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಒಳಗೇ ಬೂಷ್ಟು ಹಿಡಿಯುತ್ತದೆ. ಹತ್ತಿ ಬಟ್ಟೆ ಸುತ್ತಿ, ಒಲೆ ಇರುವ ಕೋಣೆಯ ಪಕ್ಕದ ಒಣ ಬೀರುವಿನಲ್ಲಿ ಇಡಿ. ಮುಂದಿನ ವರ್ಷ ಚೀಟಿಯಲ್ಲಿ ಫಿಲಿಪೀನ್ಸ್ ಬಂದ ಹುಡುಗಿಗೆ ಕೊಡುವಾಗ ತೋಳಿನ ನ್ಯೂಸ್‌ಪೇಪರ್ ಮಾದರಿಯನ್ನೂ ಜೊತೆಗೆ ಕೊಡಿ.