‘ಗಮನಕ್ಕೆ ಬಂದಿದೆ’ ಎಂದು ಬರೆದ ಮೇಲೆ

‘ಸರ್ಕಾರದ ಗಮನಕ್ಕೆ ಬಂದಿದೆಯೇ?’ ಶಾಸಕರ ಪ್ರಶ್ನೆಯ (ಅ) ಭಾಗ ಬಹುತೇಕ ಹೀಗೇ ಮುಗಿಯುತ್ತದೆ. ಹಾಳೆಯ ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಬಲಗಡೆ ‘ಬಂದಿದೆ’ ಎಂದು ಒಂದೇ ಪದ ಬರೆದು (ಆ)ಗೆ ಇಳಿಯುತ್ತಿದ್ದೆವು. ಸಚಿವಾಲಯಕ್ಕೆ ಸಹಾಯಕಿಯಾಗಿ ಸೇರಿ, ಶಾಖಾಧಿಕಾರಿಯಾಗಿ, ಅಧೀನ ಕಾರ್ಯದರ್ಶಿಯಾಗಿ ನಿವೃತ್ತಳಾಗುವ ತನಕ ನಾನು ಮಾಡಿದ ಕೆಲಸದಲ್ಲಿ ಮುಖ್ಯವಾದದ್ದು ಈ ಎರಡು ಕಾಲಂಗಳ ಹಾಳೆಯೇ. ರಾಜ್ಯ ಸರ್ಕಾರ ತನ್ನ ನೀತಿಗೂ ದುಡ್ಡಿಗೂ ಶಾಸಕರ ಮುಂದೆ ಲೆಕ್ಕ ಒಪ್ಪಿಸುವುದು ಕಾಗದದ ಮೇಲೆ ಹೇಗೆ ಕಾಣುತ್ತದೆ ಎಂದು ಯಾರಾದರೂ ಕೇಳಿದರೆ ಆ ಹಾಳೆಯನ್ನೇ ತೋರಿಸುತ್ತೇನೆ. ಈಗ ಶಾಖೆಗಳಿಗೆ ಹೊಸದಾಗಿ ಬಂದಿರುವ ಮಕ್ಕಳು ಫೋನ್ ಮಾಡಿ ‘ಮೇಡಂ, ಎಲ್‌ಎಕ್ಯೂ ಉತ್ತರ ಹೇಗೆ ಬರೀಬೇಕು’ ಎಂದು ಕೇಳುತ್ತಾರೆ. ಅವರಿಗಾಗಿ ನಾನು ಕಲಿತದ್ದನ್ನು, ಕಲಿತ ರೀತಿಯನ್ನು ಇಲ್ಲಿ ಹೇಳುತ್ತೇನೆ.

ಎಲ್‌ಎಕ್ಯೂ ಎಂದರೆ ವಿಧಾನಸಭೆಯಿಂದ ಬಂದದ್ದು, ಎಲ್‌ಸಿಕ್ಯೂ ಎಂದರೆ ವಿಧಾನ ಪರಿಷತ್ತಿನಿಂದ ಬಂದದ್ದು. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರಿಸಬೇಕು. ಅದರ ಬೆನ್ನಿಗೆ ಉಪಪ್ರಶ್ನೆಗಳು ಬರುತ್ತವೆ. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಸಾಕು. ಇವುಗಳ ಜೊತೆಗೆ ವಿಧಾನಸಭೆಯಲ್ಲಿ ನಿಯಮ 73ರ, ಪರಿಷತ್ತಿನಲ್ಲಿ ನಿಯಮ 72ರ ಗಮನ ಸೆಳೆಯುವ ಸೂಚನೆಗಳು, ಸಾರ್ವಜನಿಕ ಮಹತ್ವದ ವಿಷಯ ಎತ್ತಲು ಸಭೆಯಲ್ಲಿ ನಿಯಮ 351ರ, ಪರಿಷತ್ತಿನಲ್ಲಿ ನಿಯಮ 330ರ ಸೂಚನೆಗಳು. ಅಧಿವೇಶನದ ದಿನಾಂಕ ಗೊತ್ತಾದ ದಿನದಿಂದ ಶಾಖೆಯಲ್ಲಿ ಯಾರೂ ರಜೆಯ ಮಾತೆತ್ತುವುದಿಲ್ಲ.

ಪ್ರಶ್ನೆ ಕೈಗೆ ಬಂದ ಕೂಡಲೇ ನೋಡಬೇಕಾದದ್ದು ಅದು ನಮ್ಮದೇ ಹೌದೋ ಅಲ್ಲವೋ ಎಂಬುದನ್ನು. ನಮ್ಮದಲ್ಲದಿದ್ದರೆ ಅದೇ ದಿನ ಸಂಬಂಧಪಟ್ಟ ಇಲಾಖೆಗೆ ವರ್ಗಾಯಿಸಬೇಕು. ಮೂರು ದಿನ ಮೇಜಿನ ಮೇಲಿಟ್ಟುಕೊಂಡು ಆಮೇಲೆ ‘ನಮಗೆ ಸಂಬಂಧಿಸಿದ್ದಲ್ಲ’ ಎಂದು ಕಳಿಸಿದರೆ ಆ ಕಡೆಯವರಿಗೆ ಉಳಿಯುವುದು ಒಂದು ರಾತ್ರಿ. ಆ ಒಂದು ರಾತ್ರಿಯಲ್ಲಿ ಸಿದ್ಧವಾದ ಉತ್ತರವನ್ನೇ ಸಚಿವರು ಬೆಳಿಗ್ಗೆ ಸದನದಲ್ಲಿ ಓದಬೇಕಾಗುತ್ತದೆ.

ನನ್ನ ಕಣ್ಣು ತೆರೆಸಿದ ಪ್ರಶ್ನೆಯೊಂದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಆಗ ನಾನು ವಿದ್ಯಾರ್ಥಿನಿಲಯಗಳನ್ನು ನಡೆಸುವ ಒಂದು ಇಲಾಖೆಯಲ್ಲಿ ಶಾಖಾಧಿಕಾರಿ. ಬೆಳಗಾವಿಯ ಚಳಿಗಾಲದ ಅಧಿವೇಶನ. 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾದ ಮೇಲೆ ನಾವೂ ಕಡತದ ಕಟ್ಟು, ಪ್ರಿಂಟರು, ಹೊದಿಕೆ ಹೊತ್ತುಕೊಂಡು ಅಲ್ಲಿಗೆ ಹೋಗುವುದು ರೂಢಿಯಾಗಿತ್ತು. ಉತ್ತರ ಕರ್ನಾಟಕದ ಶಾಸಕರೊಬ್ಬರು ತಮ್ಮ ಕ್ಷೇತ್ರದ ಹೆಣ್ಣುಮಕ್ಕಳ ಹಾಸ್ಟೆಲ್ ಕಟ್ಟಡಕ್ಕೆ ಎಷ್ಟು ಅನುದಾನ ಕೊಡಲಾಗಿದೆ, ಕಾಮಗಾರಿ ಯಾವ ಹಂತದಲ್ಲಿದೆ ಎಂದು ಚುಕ್ಕೆ ಗುರುತಿನ ಪ್ರಶ್ನೆ ಹಾಕಿದ್ದರು. ಜಿಲ್ಲೆಗೆ ಫೋನ್ ಮಾಡಿದೆ. ‘ಕೆಲಸ ಪ್ರಗತಿಯಲ್ಲಿದೆ ಮೇಡಂ’ ಎಂದರು. ಆದೇಶಗಳ ಕಡತ ತೆಗೆದು ನೋಡಿದೆ. ಎರಡು ಕಂತಿನ ದುಡ್ಡು ಹೋಗಿತ್ತು. ‘ಅನುದಾನ ಬಿಡುಗಡೆ ಮಾಡಲಾಗಿದೆ, ವೆಚ್ಚ ಮಾಡಲಾಗಿದೆ, ಕಾಮಗಾರಿ ಪ್ರಗತಿಯಲ್ಲಿದೆ’ ಎಂದು ಬರೆದೆ. ಮೇಲಿನವರೆಲ್ಲ ಸಹಿ ಮಾಡಿದರು.

ಮರುದಿನ ನಾನು ಅಧಿಕಾರಿಗಳ ಗ್ಯಾಲರಿಯಲ್ಲಿ ಕುಳಿತಿದ್ದೆ. ಸಚಿವರು ಉತ್ತರ ಓದಿ ಕುಳಿತರು. ಶಾಸಕರು ಎದ್ದು ಒಂದು ಫೋಟೋ ಎತ್ತಿ ಹಿಡಿದರು. ಪಾಯ, ಅದರ ಮೇಲೆ ಎದ್ದು ನಿಂತ ಕಂಬಿಗಳು, ಕಂಬಿಗಳ ನಡುವೆ ಬೆಳೆದ ಜಾಲಿ. ‘ಇದೇನಾ ಸನ್ಮಾನ್ಯರ ಪ್ರಗತಿ? ದುಡ್ಡು ಖರ್ಚಾಗಿದೆ ಅಂತೀರಿ, ಎಲ್ಲಿ ಖರ್ಚಾಯ್ತು ಹೇಳ್ರಿ’ ಎಂದರು. ನಾನು ಸಚಿವರಿಗೆ ಚೀಟಿಯಲ್ಲಿ ಏನು ಬರೆದು ಕಳಿಸಬೇಕೆಂದು ತಿಳಿಯದೆ ಕುಳಿತೆ. ಬರೆಯಲು ನನ್ನ ಬಳಿ ಏನೂ ಇರಲಿಲ್ಲ. ಸದನ ಮುಗಿದ ಮೇಲೆ ಸಚಿವರು ಕರೆಸಿದರು. ಅವರು ಬೈಯಲಿಲ್ಲ. ‘ಮೇಡಂ, ನಾನು ಹೇಳಿದ್ದು ಸುಳ್ಳೋ ನಿಜವೋ ನನಗೇ ಗೊತ್ತಿಲ್ಲ. ನಾಳೆ ಸಂಜೆಯೊಳಗೆ ತಿಳಿಸಿ’ ಎಂದಷ್ಟೇ ಹೇಳಿದರು. ಆ ಮಾತು ಬೈಗುಳಕ್ಕಿಂತ ಹೆಚ್ಚು ನಾಟಿತು.

ಆ ರಾತ್ರಿ ಹುಡುಕಿದಾಗ ಗೊತ್ತಾದದ್ದು ಇಷ್ಟು. ದುಡ್ಡು ಖಜಾನೆಯಿಂದ ನಿಜವಾಗಿಯೂ ಹೋಗಿತ್ತು. ಆದರೆ ಹೋಗಿದ್ದು ಕಟ್ಟಡ ಕಟ್ಟುವ ಸಂಸ್ಥೆಯ ಬ್ಯಾಂಕ್ ಖಾತೆಗೆ. ಖಜಾನೆಯ ಲೆಕ್ಕದಲ್ಲಿ ಅದು ‘ವೆಚ್ಚ’. ಜಾಗದ ತಕರಾರಿನಿಂದ ಕೆಲಸ ಪಾಯದ ಮಟ್ಟದಲ್ಲೇ ನಿಂತಿತ್ತು, ಉಳಿದ ದುಡ್ಡು ಖಾತೆಯಲ್ಲೇ ಕೂತಿತ್ತು. ನಾನು ಬರೆದ ಒಂದೊಂದು ಪದಕ್ಕೂ ಕಡತದಲ್ಲಿ ಆಧಾರವಿತ್ತು, ಆದರೂ ಸದನಕ್ಕೆ ಹೋದ ಉತ್ತರ ತಪ್ಪಾಗಿತ್ತು.

ಅಂದಿನಿಂದ ಹಣದ ಪ್ರಶ್ನೆ ಯಾವುದೇ ಬರಲಿ, ಅನುಬಂಧದಲ್ಲಿ ನಾಲ್ಕು ಕಾಲಂ ಹಾಕದೆ ಬಿಟ್ಟಿಲ್ಲ: ಆಯವ್ಯಯದಲ್ಲಿ ಒದಗಿಸಿದ್ದು, ಬಿಡುಗಡೆಯಾದದ್ದು, ಖಜಾನೆಯಿಂದ ಹೊರಟದ್ದು, ಕೆಲಸಕ್ಕೆ ಸಂದದ್ದು. ಈ ನಾಲ್ಕೂ ಬೇರೆ ಬೇರೆ ಮೊತ್ತಗಳು. ಬಜೆಟ್ ಪುಸ್ತಕದಲ್ಲಿ ಅಂಕಿ ಇದ್ದ ಮಾತ್ರಕ್ಕೆ ಬಿಡುಗಡೆ ಆದೇಶ ಹೊರಟಿದೆ ಎಂದಲ್ಲ. ಆದೇಶ ಹೊರಟರೂ ಖಜಾನೆಯ ಆನ್‌ಲೈನ್ ವ್ಯವಸ್ಥೆಯಾದ ಖಜಾನೆ-2ರಲ್ಲಿ ಬಿಲ್ ಪಾಸಾಗಿರಬೇಕೆಂದಿಲ್ಲ. ಬಿಲ್ ಪಾಸಾದರೂ ಇಟ್ಟಿಗೆ ಏರಿರಬೇಕೆಂದಿಲ್ಲ. ಮೂರನೆಯ ಮತ್ತು ನಾಲ್ಕನೆಯ ಕಾಲಂ ನಡುವಿನ ಅಂತರದಲ್ಲೇ ಶಾಸಕರ ನಿಜವಾದ ಪ್ರಶ್ನೆ ಇರುತ್ತದೆ. ಮಾರ್ಚ್ 31ರ ಮುಂಚೆ ಅನುದಾನ ಲ್ಯಾಪ್ಸ್ ಆಗದಿರಲೆಂದು ಠೇವಣಿ ಖಾತೆಗೆ ದೂಡಿದ ಮೊತ್ತಗಳೂ ಅಲ್ಲೇ ಅಡಗಿರುತ್ತವೆ. ಮಹಾಲೆಕ್ಕಪರಿಶೋಧಕರ (ಸಿಎಜಿ) ವರದಿಗಳಲ್ಲಿ ಇದು ಮತ್ತೆ ಮತ್ತೆ ಬರುವ ಆಕ್ಷೇಪಣೆ. ಸಂವಿಧಾನದ 151ನೇ ವಿಧಿಯಂತೆ ಆ ವರದಿ ಸದನದ ಮುಂದೆ ಬಂದು, ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಕೈಗೆ ಹೋದ ಮೇಲೆ ಉತ್ತರ ಹೇಳುವುದಕ್ಕಿಂತ, ಪ್ರಶ್ನೆ ಬಂದ ದಿನವೇ ಹೇಳಿಬಿಡುವುದು ಒಳ್ಳೆಯದು.

‘ಪ್ರಗತಿಯಲ್ಲಿದೆ’ ಎಂಬ ಪದವನ್ನು ನನ್ನ ಶಾಖೆಯಲ್ಲಿ ಬಳಸಬಾರದೆಂದು ಹೇಳಿದೆ. ಪಾಯ, ಲಿಂಟಲ್, ಛಾವಣಿ, ಗಾರೆ, ಹಸ್ತಾಂತರ – ಈ ಐದರಲ್ಲಿ ಒಂದನ್ನು ಬರೆಯಬೇಕು, ಯಾವ ದಿನಾಂಕದಂದು ನೋಡಿದ್ದು ಎಂದೂ ಬರೆಯಬೇಕು. ಇಂಜಿನಿಯರುಗಳು ಮೊದಲು ಗೊಣಗಿದರು. ಆಮೇಲೆ ಅವರೇ ವಾಟ್ಸಾಪಿನಲ್ಲಿ ಫೋಟೋ ಕಳಿಸತೊಡಗಿದರು.

ಇದರಲ್ಲಿ ನನಗೆ ಇಷ್ಟು ಹಟ ಯಾಕೆ ಎಂದು ಕೆಲವರು ಕೇಳಿದ್ದಾರೆ. 203ನೇ ವಿಧಿಯ ಪ್ರಕಾರ ಪ್ರತಿ ಇಲಾಖೆಯ ದುಡ್ಡೂ ಅನುದಾನದ ಬೇಡಿಕೆಯಾಗಿ ವಿಧಾನಸಭೆಯ ಮುಂದೆ ಬರುತ್ತದೆ. ಶಾಸಕರು ಮತ ಹಾಕಿ ಒಪ್ಪಿದ ಮೇಲೆ, ಧನವಿನಿಯೋಗ ವಿಧೇಯಕ ಆದ ಮೇಲೆ, ಖಜಾನೆ ಬಾಗಿಲು ತೆರೆಯುತ್ತದೆ. 2025-26ರ ರಾಜ್ಯ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ. ಅಷ್ಟು ದೊಡ್ಡ ಮೊತ್ತವನ್ನು ಸದನ ಒಂದೊಂದೇ ಕಟ್ಟಡವಾಗಿ ನೋಡಿ ಒಪ್ಪುವುದು ಸಾಧ್ಯವಿಲ್ಲ. ತಾವು ಮತ ಕೊಟ್ಟ ದುಡ್ಡು ತಮ್ಮ ಊರಿನಲ್ಲಿ ಏನಾಯಿತು ಎಂದು ಶಾಸಕರಿಗೆ ತಿಳಿಯುವ ದಾರಿ ಈ ಪ್ರಶ್ನೆಯೇ. 164ನೇ ವಿಧಿ ಮಂತ್ರಿಮಂಡಲವನ್ನು ಸಾಮೂಹಿಕವಾಗಿ ವಿಧಾನಸಭೆಗೆ ಹೊಣೆಯಾಗಿಸುತ್ತದೆ. ಆ ಹೊಣೆ ಕೆಳಕ್ಕಿಳಿದು ಇಳಿದು ಕೊನೆಗೆ ಬಂದು ನಿಲ್ಲುವುದು ನನ್ನಂಥ ಶಾಖಾಧಿಕಾರಿ ತುಂಬುವ ಬಲಗಡೆಯ ಕಾಲಂನಲ್ಲಿ.

ಲೆಕ್ಕ ಸರಿಯಿದ್ದರೂ ತಪ್ಪುವ ಇನ್ನೊಂದು ಜಾಗವಿದೆ. ಶಾಸಕರು ಕೇಳುವುದು ವಿಧಾನಸಭಾ ಕ್ಷೇತ್ರವಾರು ಮಾಹಿತಿ. ಇಲಾಖೆ ಲೆಕ್ಕವಿಡುವುದು ತಾಲ್ಲೂಕುವಾರು. ಒಂದು ತಾಲ್ಲೂಕು ಎರಡು ಕ್ಷೇತ್ರಗಳಲ್ಲಿ ಹಂಚಿಹೋಗಿರುತ್ತದೆ, ಒಂದು ಕ್ಷೇತ್ರಕ್ಕೆ ಮೂರು ತಾಲ್ಲೂಕಿನ ಹೋಬಳಿಗಳು ಸೇರಿರುತ್ತವೆ. ಬೆಳಗಾವಿಯಲ್ಲಂತೂ ಪ್ರಾದೇಶಿಕ ಅಸಮತೋಲನದ ಪ್ರಶ್ನೆಗಳು ಬಂದೇ ಬರುತ್ತವೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ನೋಡಿದ್ದು 175 ತಾಲ್ಲೂಕುಗಳನ್ನು. ಹಿಂದುಳಿದವು 114, ಅದರಲ್ಲಿ ಅತ್ಯಂತ ಹಿಂದುಳಿದವು 39. ಆಮೇಲೆ ಹೊಸ ತಾಲ್ಲೂಕುಗಳು ಹುಟ್ಟಿದವು. ಹಳೆಯ ತಾಲ್ಲೂಕಿನ ಹೆಸರಿನಲ್ಲಿ ಹೊಸದರ ಖರ್ಚನ್ನೂ ಸೇರಿಸಿ ಕೊಟ್ಟರೆ ಹಿಂದುಳಿದ ತಾಲ್ಲೂಕಿಗೆ ಹೆಚ್ಚು ದುಡ್ಡು ಹೋದಂತೆ ಕಾಣುತ್ತದೆ. ಬಿಟ್ಟು ಕೊಟ್ಟರೆ ಕಡಿಮೆ ಕಾಣುತ್ತದೆ. ‘ಅವಿಭಜಿತ ತಾಲ್ಲೂಕು’ ಎಂಬ ಎರಡು ಪದ ಅಡಿಟಿಪ್ಪಣಿಯಲ್ಲಿ ಇದ್ದರೆ ಈ ಗೊಂದಲವೇ ಇರುವುದಿಲ್ಲ. ಅದನ್ನು ಹಾಕಲು ಮರೆತು ಸದನದಲ್ಲಿ ಅರ್ಧ ಗಂಟೆ ಗದ್ದಲವಾದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಅನುಬಂಧದ ಬಗ್ಗೆ ಒಂದು ಚಿಕ್ಕ ಮಾತು: ಜಿಲ್ಲೆಗಳಿಂದ ಒಬ್ಬರು ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ, ಇನ್ನೊಬ್ಬರು ಯೂನಿಕೋಡ್‌ನಲ್ಲಿ ಕಳಿಸುತ್ತಾರೆ. ಒಟ್ಟು ಸೇರಿಸುವಾಗ ಊರ ಹೆಸರುಗಳೆಲ್ಲ ಚಿತ್ರಲಿಪಿಯಾಗುತ್ತವೆ. ನಮೂನೆಯನ್ನು ನೀವೇ ಮಾಡಿ, ಖಾಲಿ ಕಾಲಂ ಸಮೇತ ಕಳಿಸಿ.

ಕೇಂದ್ರದ ಪಾಲಿರುವ ಯೋಜನೆಗಳ ಉತ್ತರ ಎಲ್ಲಕ್ಕಿಂತ ಕಷ್ಟ. ಪರಿಶಿಷ್ಟ ಜಾತಿಯ ಮಕ್ಕಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನೇ ನೋಡಿ. ಈಗ ಕೇಂದ್ರದ್ದು ಶೇ. 60, ರಾಜ್ಯದ್ದು ಶೇ. 40. ರಾಜ್ಯ ತನ್ನ ಪಾಲು ಹಾಕಿದ ಮೇಲೆ ಕೇಂದ್ರದ ಪಾಲು ನೇರವಾಗಿ ವಿದ್ಯಾರ್ಥಿಯ ಖಾತೆಗೆ ಹೋಗುತ್ತದೆ. ನಮ್ಮ ಖಜಾನೆಯ ಮೂಲಕ ಹಾಯುವುದೇ ಇಲ್ಲ. ಆದರೆ ಊರಲ್ಲಿ ಆ ಹುಡುಗಿಯ ಅಪ್ಪ ಬಂದು ನಿಲ್ಲುವುದು ಶಾಸಕರ ಮನೆ ಮುಂದೆ. ಶಾಸಕರು ಕೇಳುವುದು ರಾಜ್ಯದ ಸಚಿವರನ್ನು. ‘ಇದು ಕೇಂದ್ರ ಸರ್ಕಾರಕ್ಕೆ ಸಂಬಂಧಿಸಿದೆ’ ಎಂದು ಬರೆದು ಕೈತೊಳೆದುಕೊಳ್ಳುವುದು ಸುಲಭ. ನಾನು ಹಾಗೆ ಬರೆಯಲು ಒಪ್ಪುತ್ತಿರಲಿಲ್ಲ. ನಮ್ಮ ಪಾಲು ಯಾವ ದಿನಾಂಕದಂದು ಹಾಕಿದೆವು, ಎಷ್ಟು ಮಕ್ಕಳ ಅರ್ಜಿ ಆಧಾರ್ ಜೋಡಣೆಯಾಗದೆ ನಿಂತಿದೆ, ಎಷ್ಟು ಅರ್ಜಿ ಕಾಲೇಜಿನಲ್ಲೇ ಪರಿಶೀಲನೆಗೆ ಬಾಕಿ ಇದೆ – ಇಷ್ಟು ನಮ್ಮ ಕೈಯಲ್ಲೇ ಇರುವ ಮಾಹಿತಿ. ಬೇರೆ ಯೋಜನೆಗಳಲ್ಲಿ ‘ಕೇಂದ್ರಕ್ಕೆ ಪತ್ರ ಬರೆಯಲಾಗಿದೆ’ ಎಂದು ಬರೆದರೆ ಪತ್ರದ ದಿನಾಂಕ ಇರಲೇಬೇಕು, ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಕಳಿಸಿದ ದಿನಾಂಕವೂ ಇರಬೇಕು. ಎಷ್ಟೋ ಸಲ ತಡವಾದದ್ದು ಆ ಪ್ರಮಾಣಪತ್ರವೇ.

ಕೇಂದ್ರದ ತೆರಿಗೆಯಿಂದ ರಾಜ್ಯಗಳಿಗೆ ಹಂಚುವ ಪಾಲಿನ ಚರ್ಚೆಯಲ್ಲೂ ಹೀಗೇ. 14ನೇ ಹಣಕಾಸು ಆಯೋಗದಲ್ಲಿ ಕರ್ನಾಟಕದ ಪಾಲು ಶೇ. 4.713, 15ನೆಯದರಲ್ಲಿ ಶೇ. 3.647. ಈ ಇಳಿಕೆಯ ನೋವು ನಿಜ. ನಾನು ರಾಜ್ಯದ ನೌಕರಳಾಗಿ ಅದನ್ನು ಅನುಭವಿಸಿದ್ದೇನೆ. ಹಾಗೆಂದು ಜಾಗದ ತಕರಾರಿನಿಂದ ನಿಂತ ಹಾಸ್ಟೆಲ್ಲಿಗೂ ಅದನ್ನೇ ಕಾರಣವಾಗಿ ಬರೆದುಕೊಡಿ ಎಂದಾಗ ನಾನು ಕರಡಿನಿಂದ ಆ ಸಾಲು ತೆಗೆದೆ.

ಪರಿಷತ್ತಿನ ಪ್ರಶ್ನೆಗಳನ್ನು ಹಗುರವಾಗಿ ನೋಡುವವರಿದ್ದಾರೆ, ಅನುದಾನದ ಬೇಡಿಕೆಗೆ ಅಲ್ಲಿ ಮತವಿಲ್ಲ ಎಂಬ ಕಾರಣಕ್ಕೆ. ಅದು ತಪ್ಪು. 75 ಸದಸ್ಯರಲ್ಲಿ ಏಳು ಮಂದಿ ಶಿಕ್ಷಕರ ಕ್ಷೇತ್ರದಿಂದ, ಏಳು ಮಂದಿ ಪದವೀಧರರ ಕ್ಷೇತ್ರದಿಂದ ಬಂದವರು. ಖಾಲಿ ಹುದ್ದೆ, ಪಿಂಚಣಿ, ವೇತನಾನುದಾನದ ಬಗ್ಗೆ ಅವರು ಕೇಳುವ ಉಪಪ್ರಶ್ನೆ ನೇರವಾಗಿ ಆದೇಶದ ಸಂಖ್ಯೆಗೇ ಬಂದು ಮುಟ್ಟುತ್ತದೆ.

ಸಚಿವರಿಗೆ ಕೊಡುವ ಟಿಪ್ಪಣಿಯನ್ನು ಉತ್ತರಕ್ಕಿಂತ ಹೆಚ್ಚು ಶ್ರದ್ಧೆಯಿಂದ ಬರೆಯಬೇಕು. ಉತ್ತರ ಎಲ್ಲರೂ ಓದುವಂಥದ್ದು, ಟಿಪ್ಪಣಿ ಎದ್ದು ನಿಂತವರ ಕೈಯಲ್ಲಿರುವಂಥದ್ದು. ಶಾಸಕರ ಜಾಗದಲ್ಲಿ ನಾನೇ ಕುಳಿತರೆ ಏನು ಕೇಳುತ್ತಿದ್ದೆ ಎಂದು ಐದು ಉಪಪ್ರಶ್ನೆ ಬರೆದುಕೊಳ್ಳುತ್ತಿದ್ದೆ. ನಮ್ಮ ಕಡೆ ತಪ್ಪಿದ್ದರೆ ಅದನ್ನೇ ಮೊದಲ ಸಾಲಿನಲ್ಲಿ, ದಪ್ಪಕ್ಷರದಲ್ಲಿ ಹಾಕುತ್ತಿದ್ದೆ. ಸಚಿವರಿಗೆ ಕೆಟ್ಟ ಸುದ್ದಿ ಸದನದಲ್ಲಿ ಗೊತ್ತಾಗಬಾರದು, ಹಿಂದಿನ ರಾತ್ರಿ ಗೊತ್ತಾಗಬೇಕು.

ಆ ಹಾಸ್ಟೆಲ್ಲಿನ ವಿಷಯಕ್ಕೆ ಬರುತ್ತೇನೆ. ಮರುದಿನ ಸಂಜೆ ನಾಲ್ಕು ಕಾಲಂಗಳ ಹಾಳೆಯನ್ನು ಸಚಿವರಿಗೆ ಕೊಟ್ಟೆ. ಅವರು ಅದನ್ನು ಓದಿ ಶಾಸಕರನ್ನೇ ಕೊಠಡಿಗೆ ಕರೆಸಿ ಮುಂದಿಟ್ಟರು. ಮೂರನೇ ದಿನ ಸದನದಲ್ಲಿ, ಹಿಂದಿನ ಉತ್ತರದಲ್ಲಿ ‘ವೆಚ್ಚ’ ಎಂದದ್ದು ಸಂಸ್ಥೆಗೆ ವರ್ಗಾಯಿಸಿದ ಮೊತ್ತವೆಂದು ಸ್ಪಷ್ಟಪಡಿಸಿ, ಜಾಗದ ತಕರಾರು ಬಿಡಿಸಿ ಕಟ್ಟಡ ಮುಗಿಸುವುದಾಗಿ ಹೇಳಿದರು. ಸದನದಲ್ಲಿ ಸಚಿವರು ‘ಮುಗಿಸುತ್ತೇವೆ’ ಎಂದರೆ ಅದು ಭರವಸೆ. ನಡವಳಿಯಲ್ಲಿ ದಾಖಲಾಗಿ ಸರ್ಕಾರಿ ಭರವಸೆಗಳ ಸಮಿತಿಗೆ ಹೋಯಿತು. ಸಮಿತಿ ಎರಡು ಸಲ ನಮ್ಮನ್ನು ಕರೆಸಿ ಯಾವ ಹಂತ ಎಂದು ಕೇಳಿತು. ಒಮ್ಮೆ ‘ಲಿಂಟಲ್’ ಎಂದೆವು, ಇನ್ನೊಮ್ಮೆ ‘ಛಾವಣಿ’ ಎಂದೆವು. ಪ್ರತಿ ಸಲವೂ ದಿನಾಂಕ ಹಾಕಿದ ಫೋಟೋ ಜೊತೆಗಿತ್ತು.

ಎರಡು ವರ್ಷ ದಾಟಿದ ಮೇಲೆ ಹಸ್ತಾಂತರದ ವರದಿ ಬಂತು. ವಾರ್ಡನ್ ಸಹಿ, ತಾಲ್ಲೂಕು ಅಧಿಕಾರಿಯ ಸಹಿ, ನೀರಿನ ಸಂಪರ್ಕ ಬಂದ ತಾರೀಖು, ಮಕ್ಕಳು ಒಳಗೆ ಬಂದ ತಾರೀಖು. ಒಂದು ಫೋಟೋದಲ್ಲಿ ಮೊದಲ ಮಹಡಿಯ ಕಂಬಿಯ ಮೇಲೆ ಒಗೆದ ಸಮವಸ್ತ್ರ ಒಣಗಲು ಹಾಕಿದ್ದರು. ಭರವಸೆ ಈಡೇರಿದೆ, ಕೈಬಿಡಲು ಕೋರಿದೆ ಎಂದು ಬರೆದು ಆ ಫೋಟೋವನ್ನೇ ಅನುಬಂಧ 1 ಎಂದು ಸೇರಿಸಿ ಸಮಿತಿಗೆ ಕಳಿಸಿದೆ.