ಮೋಟಾರಿನ ಬಿಕ್ಕಳಿಕೆ ನಿಲ್ಲಿಸಿದ ಗಾಳಿ

ನಮ್ಮದು ಹಿರಿಯೂರು ತಾಲ್ಲೂಕಿನ ಒಂದು ತೋಟದ ಮನೆ. ಹಳೇ ಹೆಂಚಿನ ಮಾಡು. ಅದರ ಮೇಲೆ ಸಿಂಟೆಕ್ಸ್ ಕೂರಿಸುವ ಮಾತೇ ಇಲ್ಲ. ಅಪ್ಪ ತೋಡಿಸಿದ ಬಾವಿ ವರ್ಷಗಟ್ಟಲೆ ಒಣಗಿ ಬಿದ್ದಿತ್ತು. 2022ರಲ್ಲಿ ವಾಣಿ ವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿತ್ತಲ್ವಾ, ಆ ಮಳೆಗೆ ನಮ್ಮ ಬಾವಿಯಲ್ಲೂ ನೀರು ಮೇಲೆ ಬಂತು. ಒಂದು ಓಪನ್‌ವೆಲ್ ಮೋಟಾರು ಇಳಿಸಿ, ಮನೆಯೊಳಗೆ ನಲ್ಲಿ ಹಾಕಿಸಿಕೊಂಡೆವು.

ಮೊದಲು ಬರೀ ಪ್ರೆಶರ್ ಸ್ವಿಚ್ ಹಾಕಿಸಿದೆ. ಪೈಪಿನಲ್ಲಿ ಒತ್ತಡ 20 ಪಿಎಸ್‌ಐಗೆ (ಟೈರಿನ ಗಾಳಿ ಅಳೆಯುವ ಅದೇ ಅಳತೆ) ಇಳಿದರೆ ಮೋಟಾರು ಆನ್, 40ಕ್ಕೆ ಏರಿದರೆ ಆಫ್. ಅದರ ಜೊತೆಗೆ ಹಾಕುವ, ನೀರನ್ನು ಒತ್ತಡದಲ್ಲಿ ಹಿಡಿದಿಡುವ ಪ್ರೆಶರ್ ಟ್ಯಾಂಕ್ ಯಾಕೆ, ಸುಮ್ನೆ ದುಡ್ಡು ದಂಡ ಅಂದುಕೊಂಡೆ. ಜಿಪುಣತನ ನನ್ನದೇ.

ನೀರನ್ನು ಒತ್ತಿ ಕುಗ್ಗಿಸೋಕೆ ಆಗಲ್ಲ. ಹಾಗಾಗಿ ಪೈಪು ತುಂಬಿದ ಮೇಲೆ ಒಂದು ಲೋಟ ನೀರು ಹಿಡಿದರೂ ಒತ್ತಡ ದಡಕ್ಕನೆ ಬೀಳುತ್ತದೆ. ಮೋಟಾರು ಎದ್ದರೆ ಕ್ಷಣದಲ್ಲಿ 40 ಮುಟ್ಟಿ ನಿಲ್ಲುತ್ತದೆ. ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತಿದ್ದ ರಾತ್ರಿಯಂತೂ ಬೆಳಗಿನವರೆಗೂ ಇದೇ ಟಕ್, ಟಕ್. "ಅದ್ಯಾಕೋ ಮೋಟಾರು ರಾತ್ರಿಯೆಲ್ಲಾ ಬಿಕ್ಕಳಿಸ್ತಿತ್ತು?" ಅಂತ ಅಮ್ಮ ಕೇಳಿದರು. ಎರಡು ತಿಂಗಳಲ್ಲಿ ಕೆಪಾಸಿಟರ್ ಹೋಯಿತು. ಅದರ ಹಿಂದೆಯೇ ವೈಂಡಿಂಗ್, ಅಂದರೆ ಮೋಟಾರಿನೊಳಗಿನ ತಂತಿಯ ಸುತ್ತು, ಸುಟ್ಟಿತು.

ರಿವೈಂಡಿಂಗ್ ಅಂಗಡಿಯವನು ಕರಕಲಾದ ತಂತಿ ತೋರಿಸಿ ಹೇಳಿದ: "ಮೋಟಾರು ಓಡಿ ಸಾಯಲ್ಲ ಸಾರ್, ಎದ್ದು ಎದ್ದು ಸಾಯುತ್ತೆ." ಸ್ಟಾರ್ಟ್ ಆಗುವಾಗ ಮೋಟಾರು ಎಳೆಯುವ ಕರೆಂಟು, ಓಡುವಾಗಿನದಕ್ಕಿಂತ ಐದಾರು ಪಟ್ಟು ಜಾಸ್ತಿ. ಆ ಬಿಸಿ ಆರುವಷ್ಟು ಹೊತ್ತು ಅದು ಓಡಬೇಕು, ಇಲ್ಲ ಸುಮ್ಮನೆ ನಿಂತಿರಬೇಕು. ನಾನು ಎರಡಕ್ಕೂ ಬಿಟ್ಟಿರಲಿಲ್ಲ.

ಪ್ರೆಶರ್ ಟ್ಯಾಂಕಿನ ಕೆಲಸ ಆಗ ತಿಳಿಯಿತು. ಉಕ್ಕಿನ ಡಬ್ಬದೊಳಗೆ ಒಂದು ರಬ್ಬರ್ ಚೀಲ. ಚೀಲದೊಳಗೆ ನೀರು, ಹೊರಗೆ ಗಾಳಿ. ಮೋಟಾರು ನೀರು ತುಂಬಿದಂತೆ ಗಾಳಿ ಕುಗ್ಗುತ್ತದೆ. ನಲ್ಲಿ ತಿರುಗಿಸಿದರೆ ಆ ಗಾಳಿಯೇ ನೀರನ್ನು ನೂಕುತ್ತದೆ, ಮೋಟಾರು ಮಲಗಿರುತ್ತದೆ. ಮಾಡಿನ ಮೇಲಿನ ಟ್ಯಾಂಕಿನಿಂದ 20 ಪಿಎಸ್‌ಐ ಬೇಕೆಂದರೆ ಅದನ್ನು ಸುಮಾರು 14 ಮೀಟರ್ ಎತ್ತರಕ್ಕೆ ಏರಿಸಬೇಕು. ನಮ್ಮ ತೆಂಗಿನ ಮರದ ತುದಿಗೆ ಕಟ್ಟಬೇಕಿತ್ತು!

ಅಲ್ಲೂ ಒಂದು ಸಲ ಎಡವಿದೆ. ಅಗ್ಗ ಅಂತ 24 ಲೀಟರಿನ ಟ್ಯಾಂಕ್ ತಂದೆ. ಅಷ್ಟೂ ನೀರು ನಮಗೆ ಸಿಗುತ್ತದೆ ಅಂತಿದ್ದೆ. ಆದರೆ ಒಳಗೆ ಹೆಚ್ಚಿನ ಜಾಗ ಗಾಳಿಯದು. 40ರಿಂದ 20ಕ್ಕೆ ಇಳಿಯುವಷ್ಟರಲ್ಲಿ ಕೈಗೆ ಬರುವುದು ಸುಮಾರು ಮೂರನೇ ಒಂದು ಪಾಲು, ಅಂದರೆ ಎಂಟು ಲೀಟರ್. ನಮ್ಮ ಮೋಟಾರು ನಿಮಿಷಕ್ಕೆ 30 ಲೀಟರ್ ಎತ್ತುತ್ತದೆ. ಕಾಲು ನಿಮಿಷಕ್ಕೇ ಟ್ಯಾಂಕ್ ತುಂಬಿ ಮತ್ತೆ ಬಿಕ್ಕಳಿಕೆ. ಒಂದು ಸಲ ಎದ್ದರೆ ಕಡೇಪಕ್ಷ ಒಂದು ನಿಮಿಷ ಓಡಬೇಕು ಅನ್ನೋದು ಲೆಕ್ಕ. ಕೊನೆಗೆ 100 ಲೀಟರಿನದೇ ತಂದೆ. ಅದರಿಂದ 34 ಲೀಟರ್ ಸಿಗುತ್ತದೆ. ಕರೆಂಟು ಹೋದಾಗ ಹೆಚ್ಚೆಂದರೆ ಒಂದೂವರೆ ಬಕೆಟ್ಟು, ಅಷ್ಟೇ. ನೀರು ಕೂಡಿಡಲು ಬೇರೆ ತೊಟ್ಟಿ ಇರಲೇಬೇಕು.

ಹೊಸ ಟ್ಯಾಂಕ್ ಬಂದ ಮೇಲೆ ಇನ್ನೊಂದು ತರಲೆ. ಸ್ನಾನದ ನಡುವೆ ನೀರು ಫಕ್ಕನೆ ನಿಂತು, ಒಂದೆರಡು ಸೆಕೆಂಡು ಬಿಟ್ಟು ಮತ್ತೆ ಬರುತ್ತಿತ್ತು. ಅಮ್ಮ ಕಣ್ಣಲ್ಲಿ ಸೀಗೆಪುಡಿ ಇಟ್ಟುಕೊಂಡೇ ಬೈದರು. ಪಂಕ್ಚರ್ ಅಂಗಡಿಯಿಂದ ಗೇಜ್ ಕಡ ತಂದು ನೋಡಿದರೆ ಟ್ಯಾಂಕಿನ ಗಾಳಿ 28 ಇತ್ತು. ಮೋಟಾರು ಏಳುವುದು 20ಕ್ಕೆ. ಅದಕ್ಕೆ ಮುಂಚೆಯೇ ಗಾಳಿ ನೀರನ್ನೆಲ್ಲಾ ಹೊರಗೆ ತಳ್ಳಿಬಿಡುತ್ತಿತ್ತು. ಮೋಟಾರು ಆನ್ ಆಗುವ ಒತ್ತಡಕ್ಕಿಂತ ಗಾಳಿ 2 ಪಿಎಸ್‌ಐ ಕಮ್ಮಿ ಇರಬೇಕು. ಮೇನ್ ಸ್ವಿಚ್ ಆರಿಸಿ, ನಲ್ಲಿ ತೆರೆದು ನೀರೆಲ್ಲಾ ಬಸಿದ ಮೇಲೆಯೇ ಗಾಳಿ ಅಳೆಯಬೇಕು. ನೀರು ಇದ್ದಾಗ ಅಳೆದರೆ ಗೇಜ್ ಸುಳ್ಳು ಹೇಳುತ್ತದೆ. 18ಕ್ಕೆ ಇಳಿಸಿದೆ, ಸ್ನಾನ ಸರಿಹೋಯಿತು.

ನಮ್ಮ ಕಡೆ ನೀರು ಗಡಸು. ಸ್ವಿಚ್ಚಿಗೆ ಹೋಗುವ ಸಣ್ಣ ಕೊಳವೆಯಲ್ಲಿ ಬಿಳಿ ಸುಣ್ಣ ಕಟ್ಟಿಕೊಳ್ಳುತ್ತದೆ, ಆಗಾಗ ಬಿಚ್ಚಿ ತೊಳೆಯುತ್ತೇನೆ. ಬೇಸಿಗೆಯಲ್ಲಿ ಬಾವಿ ತಳ ಕಂಡರೆ ಮೋಟಾರು ಒಣಗಿ ಓಡದಂತೆ ಬೇರೆ ಕಾವಲು ಹಾಕಿಸಿದ್ದೇನೆ, ಟ್ಯಾಂಕ್ ಅದನ್ನು ನೋಡಿಕೊಳ್ಳಲ್ಲ.

ಆರು ತಿಂಗಳಿಗೊಮ್ಮೆ ಗಾಳಿ ಅಳೆಯುತ್ತೇನೆ. ಗಾಳಿಯ ವಾಲ್ವಿನ ಪಿನ್ನು ಒತ್ತಿದಾಗ ನೀರು ಚಿಮ್ಮಿದರೆ ರಬ್ಬರ್ ಹರಿದಿದೆ ಎಂದರ್ಥ. ಸದ್ಯ ಬರೀ ಗಾಳಿಯೇ ಬರುತ್ತಿದೆ. ಹೋದ ಸಲ 15ಕ್ಕೆ ಇಳಿದಿತ್ತು. ಮಗನ ಸೈಕಲ್ ಪಂಪು ತಂದು ಕೂತು ಒತ್ತುತ್ತಿದ್ದೆ. ಅಮ್ಮ ಜಗಲಿಯಿಂದಲೇ ನೋಡಿ, "ನೀರಿನ ಟ್ಯಾಂಕೂ ಪಂಕ್ಚರ್ ಆಗುತ್ತೇನೋ?" ಅಂದರು.